ಮೊದಲ ದಿನ ಸಿಕ್ಕಿತು, ಮೂರನೇ ವಾರ ಹೋಯಿತು

ನಾನು ಮದುವೆಯಾಗಿ ಬಂದ ಮನೆಗೆ ಒಂದು ಥಿಯೇಟರ್ ಇತ್ತು. ಬೆಂಗಳೂರಿನ ಮಾಗಡಿ ರಸ್ತೆಯಿಂದ ಸ್ವಲ್ಪ ಒಳಕ್ಕೆ, 700 ಚಿಲ್ಲರೆ ಸೀಟಿನದು. ಮೇಲೆ ಬಾಲ್ಕನಿ, ಕೆಳಗೆ ಸೆಕೆಂಡ್ ಕ್ಲಾಸ್, ಪರದೆ ಮುಂದೆ ಗಾಂಧಿ ಕ್ಲಾಸ್. ಏಸಿ ಇಲ್ಲ, ಫ್ಯಾನು. ಥಿಯೇಟರ್ ಇರುವ ಮನೆ ಅಂದರೆ ದೊಡ್ಡ ಶ್ರೀಮಂತರ ಮನೆ ಎಂದು ನಮ್ಮ ತವರಿನವರ ಲೆಕ್ಕ. ನಾನು ಬಿ.ಕಾಂ. ಓದಿದ್ದೆ ಅಂತ ಮಾವ ಮೊದಲ ವರ್ಷವೇ ಲೆಕ್ಕದ ಪುಸ್ತಕ ಕೈಗೆ ಕೊಟ್ಟರು. ಅದನ್ನು ತಿರುವಿದ ಮೇಲೆ ಆ ಶ್ರೀಮಂತಿಕೆ ಎಲ್ಲಿದೆ ಎಂದು ಹುಡುಕುವ ಕೆಲಸವೂ ನನ್ನದೇ ಆಯಿತು.

ನಮ್ಮ ಥಿಯೇಟರ್ ರೀಲು ಬಿಟ್ಟು ಡಿಜಿಟಲ್‌ಗೆ ಹೋದದ್ದು 2009ರಲ್ಲಿ. ಈ ಬದಲಾವಣೆ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಿತ್ರ ಚೊಕ್ಕವಾಯಿತು ಅನ್ನುತ್ತಾರೆ, ಇಲ್ಲವೇ ರೀಲಿನ ಅಂದ ಹೋಯಿತು ಎಂದು ಮರುಗುತ್ತಾರೆ. ನನಗೆ ಎರಡರ ಬಗ್ಗೆಯೂ ಹೇಳಲು ಜಾಸ್ತಿ ಇಲ್ಲ. ಪುಸ್ತಕದ ಎಡಗಡೆ ಏನು ಬಂತು, ಬಲಗಡೆ ಏನು ಹೋಯಿತು, ಅಷ್ಟು ಗೊತ್ತು.

ಮೊದಲು ರೀಲಿನ ಲೆಕ್ಕ. 35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚಿತ್ರದಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ. 2,000 ಅಡಿಯ ದೊಡ್ಡ ರೀಲಿಗೆ ಸುತ್ತಿದರೆ ಏಳು ರೀಲು. ತಗಡಿನ ಡಬ್ಬಗಳ ಸಮೇತ ಎತ್ತಲು ಇಬ್ಬರು ಬೇಕು. ಚೆನ್ನೈ ಲ್ಯಾಬಿನಲ್ಲಿ ಇಂಥ ಒಂದು ಪ್ರಿಂಟ್ ಹಾಕಿಸಲು 50ರಿಂದ 60 ಸಾವಿರ ರೂಪಾಯಿ. ನೂರು ಪ್ರಿಂಟ್ ಅಂದರೆ ಅರ್ಧ ಕೋಟಿಗೂ ಮೇಲೆ. ಕನ್ನಡದ ಸಣ್ಣ ನಿರ್ಮಾಪಕರು ಸಿನಿಮಾ ಪೂರ್ತಿ ಒಂದೆರಡು ಕೋಟಿಯಲ್ಲಿ ಮುಗಿಸುತ್ತಿದ್ದ ಕಾಲ ಅದು. ಅವರು ಯಾಕೆ ನೂರು ಪ್ರಿಂಟ್ ಹಾಕಿಸುತ್ತಾರೆ? 25, 30 ಹಾಕಿಸಿ ಅವನ್ನೇ ಊರೂರು ಸುತ್ತಿಸುತ್ತಿದ್ದರು.

ಆ ಸುತ್ತಿನಲ್ಲಿ ನಮ್ಮದು ಎರಡನೇ ಸಾಲು. ಹೊಸ ಪ್ರಿಂಟ್ ಮೊದಲು ಕೆ.ಜಿ. ರಸ್ತೆಯ ದೊಡ್ಡ ಥಿಯೇಟರ್‌ಗಳಿಗೆ ಹೋಗಬೇಕು. ಅಲ್ಲಿ ನಾಲ್ಕು ವಾರವೋ ಎಂಟು ವಾರವೋ ಓಡಿ, ಹಳಸಿದ ಮೇಲೆ ನಮ್ಮ ಸರದಿ. ನಮ್ಮ ನಂತರ ಮಾಗಡಿ, ರಾಮನಗರ, ಕುಣಿಗಲ್ ಕಡೆ. ಬರುವ ಹೊತ್ತಿಗೆ ಪರದೆ ಮೇಲೆ ಉದ್ದುದ್ದ ಗೀರು. ಕಿತ್ತುಹೋದ ಕಡೆಯೆಲ್ಲ ಟೇಪು ಹಾಕಿ ಅಂಟಿಸಿದ್ದರಿಂದ ಹೀರೋ ಮಾತು ಅರ್ಧಕ್ಕೆ ನಿಂತು ಮುಂದಿನ ಸೀನಿಗೆ ಜಿಗಿಯುತ್ತಿತ್ತು. ಆದರೂ ಜನ ಬರುತ್ತಿದ್ದರು. ಟಿಕೆಟ್ 30 ರೂಪಾಯಿ, ಬಾಲ್ಕನಿಗೆ 50. ಒಂದು ಸಿನಿಮಾ ಚೆನ್ನಾಗಿದ್ದರೆ ಮೂರು ವಾರ ಆರಾಮಾಗಿ ಎಳೆಯುತ್ತಿತ್ತು. ಮೂರನೇ ವಾರ ಅಂದರೆ ನಮಗೆ ಬಹಳ ಇಷ್ಟ. ಪೋಸ್ಟರ್ ಖರ್ಚು ಇಲ್ಲ, ಡಿಸ್ಟ್ರಿಬ್ಯೂಟರ್ ಕಡೆಯ ಪ್ರತಿನಿಧಿ, ಅಂದರೆ ರೆಪ್, ಬಂದು ತಲೆ ತಿನ್ನುವುದಿಲ್ಲ.

ಪ್ರಿಂಟ್ ಉಳಿಸಲು ಶಿಫ್ಟಿಂಗ್ ಬೇರೆ ಮಾಡುತ್ತಿದ್ದರು. ಒಂದೇ ಪ್ರಿಂಟ್, ಎರಡು ಥಿಯೇಟರ್. ಅಲ್ಲಿ ಅರ್ಧ ಗಂಟೆ ಮುಂಚೆ ಶೋ ಶುರು. ಅಲ್ಲಿ ಮುಗಿದ ರೀಲನ್ನು ಹುಡುಗ ಸ್ಕೂಟರ್ ಮೇಲೆ ಇಟ್ಟುಕೊಂಡು ಇಲ್ಲಿಗೆ ತರುತ್ತಾನೆ. ಗೂಡ್ಸ್ ಶೆಡ್ ರಸ್ತೆಯಲ್ಲಿ ಜಾಮ್ ಆದರೆ ನಮ್ಮಲ್ಲಿ ಇಂಟರ್‌ವಲ್ ಎರಡು ಸಲ. ಶಿಳ್ಳೆ, ಬೈಗುಳ ಎಲ್ಲ ಗೇಟ್‌ಕೀಪರ್ ಪಾಲಿಗೆ.

2004ರಲ್ಲಿ ಕೋರಮಂಗಲದಲ್ಲಿ 11 ಪರದೆಯ ಪಿವಿಆರ್ ಬಂತು. ಅದರಿಂದ ನಮಗೆ ನೇರ ಪೆಟ್ಟು ಬೀಳಲಿಲ್ಲ, ನಮ್ಮ ಜನವೇ ಬೇರೆ. ಪೆಟ್ಟು ಬಿದ್ದದ್ದು ಸಿ.ಡಿ.ಯಿಂದ. ಸಿನಿಮಾ ನಮ್ಮ ಗೇಟಿಗೆ ಬರುವ ಮುಂಚೆಯೇ ಫುಟ್‌ಪಾತ್ ಮೇಲೆ ಅದರ ಸಿ.ಡಿ. ಸಿಗುತ್ತಿತ್ತು. 2007, 2008ರ ಪುಟಗಳನ್ನು ಈಗ ನೋಡಿದರೂ ಗೊತ್ತಾಗುತ್ತದೆ: ಮೊದಲ ವಾರದ ಸೋಮವಾರದಿಂದಲೇ ಅಂಕಿ ಇಳಿಯುತ್ತಿದೆ. ತಡವಾಗಿ ಸಿನಿಮಾ ಹಾಕುವ ವ್ಯಾಪಾರವೇ ಸಾಯುತ್ತಿತ್ತು. ಡಿಜಿಟಲ್ ಕಂಪನಿಯವರು ನಮ್ಮ ಆಫೀಸಿಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ.

ಆಗ ನಮ್ಮ ಕಡೆ ಮುಖ್ಯವಾಗಿ ಕೇಳಿಬರುತ್ತಿದ್ದ ಹೆಸರು ಚೆನ್ನೈನ ಕ್ಯೂಬ್ ಮತ್ತು ಮುಂಬೈನ ಯುಎಫ್‌ಒ. ಇನ್ನೂ ಕೆಲವರು ಇದ್ದರು. ಒಬ್ಬರದು ಸ್ಯಾಟಲೈಟ್ ಡಿಶ್ ಮೂಲಕ ಸಿನಿಮಾ ಕಳಿಸುವ ಪದ್ಧತಿ, ಇನ್ನೊಬ್ಬರದು ಹಾರ್ಡ್ ಡಿಸ್ಕ್. ನಾವು ಯಾರ ಜೊತೆ ಸಹಿ ಹಾಕಿದೆವು ಅನ್ನೋದು ಇಲ್ಲಿ ಬೇಡ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ಯಂತ್ರ ನಮ್ಮದು, ನೀವು ಡೆಪಾಸಿಟ್ ಕೊಡಿ, ತಿಂಗಳ ಬಾಡಿಗೆ ಕೊಡಿ. ಒಪ್ಪಂದ ಇಷ್ಟು ವರ್ಷ, ಮಧ್ಯದಲ್ಲಿ ಬಿಡುವ ಹಾಗಿಲ್ಲ. ಸಿನಿಮಾ ಹಾಕುವ ಡಿಸ್ಟ್ರಿಬ್ಯೂಟರ್ ಪ್ರತಿ ಶೋಗೆ ನಮಗೆ ಬೇರೆ ದುಡ್ಡು ಕಟ್ಟುತ್ತಾರೆ. ಪರದೆ ಮೇಲಿನ ಜಾಹೀರಾತು ನಾವು ಮಾರುತ್ತೇವೆ, ನಿಮಗೆ ಅದರಲ್ಲಿ ಇಷ್ಟು ಪಾಲು.

ಮಾವ ಎಲ್ಲ ಕೇಳಿಸಿಕೊಂಡು, ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಏನಮ್ಮಾ, ಮಿಷಿನ್ನು ಅವರದು. ಕರೆಂಟು ನಮ್ಮದು, ಕಟ್ಟಡ ನಮ್ಮದು, ಆಳುಗಳು ನಮ್ಮೋರು. ಡಿಸ್ಟ್ರಿಬ್ಯೂಟರ್ ಹತ್ರನೂ ಕಾಸು, ನಮ್ ಹತ್ರನೂ ಕಾಸು, ಜಾಹೀರಾತಿನೋರ ಹತ್ರನೂ ಕಾಸು. ಇದ್ಯಾವ ಸೀಮೆ ವ್ಯಾಪಾರ?"

ಡಿಜಿಟಲ್ ವ್ಯಾಪಾರವನ್ನು ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ. ಡಿಜಿಟಲ್‌ನಿಂದ ದುಡ್ಡು ಉಳಿಯುವುದು ಪ್ರಿಂಟ್ ಹಾಕಿಸುವವರಿಗೆ. ದುಡ್ಡು ಖರ್ಚಾಗುವುದು ಯಂತ್ರ ಇಡುವವರಿಗೆ. ಇಬ್ಬರೂ ಬೇರೆ ಬೇರೆ ಜನ. ನನ್ನ ಪ್ರೊಜೆಕ್ಟರ್ ಚೆನ್ನಾಗೇ ಓಡುತ್ತಿದೆ, ನಿಮ್ಮ ಪ್ರಿಂಟ್ ಖರ್ಚು ಉಳಿಸಲು ನಾನ್ಯಾಕೆ ಲಕ್ಷಗಟ್ಟಲೆ ಸುರಿಯಲಿ ಎಂದು ಥಿಯೇಟರ್‌ನವರು ಜಗತ್ತಿನ ಎಲ್ಲ ಕಡೆ ಕೇಳಿದರು. ಅಮೆರಿಕದಲ್ಲಿ ಅದಕ್ಕೆ ಕಂಡುಕೊಂಡ ದಾರಿ ವರ್ಚುವಲ್ ಪ್ರಿಂಟ್ ಫೀ. ಸ್ಟುಡಿಯೊಗಳು ಪ್ರಿಂಟ್‌ನಲ್ಲಿ ಉಳಿಸಿದ ದುಡ್ಡಿನ ಒಂದು ಭಾಗವನ್ನು, ಯಂತ್ರದ ಸಾಲ ತೀರುವವರೆಗೆ, ಪ್ರತಿ ಸಿನಿಮಾಗೆ ಪ್ರತಿ ಪರದೆಗೆ ಇಷ್ಟು ಅಂತ ಕಟ್ಟಬೇಕು. ಸಾಲ ತೀರಿದ ಮೇಲೆ ಫೀ ನಿಲ್ಲಬೇಕು. ನಮ್ಮಲ್ಲಿ ಯಂತ್ರವೇ ಕಂಪನಿಯದ್ದಾದ್ದರಿಂದ ಆ ದುಡ್ಡು ಥಿಯೇಟರ್‌ಗೆ ಬರಲಿಲ್ಲ, ಕಂಪನಿಗೆ ಹೋಯಿತು. ಯಾವಾಗ ನಿಲ್ಲುತ್ತದೆ ಎಂಬುದು ಮಾತ್ರ ಕಾಗದದಲ್ಲಿ ಎಲ್ಲೂ ಸರಿಯಾಗಿ ಇರಲಿಲ್ಲ.

ಮಾವನ ಪ್ರಶ್ನೆಗಿಂತ ನನಗೆ ಚುಚ್ಚಿದ್ದು ಜಾಹೀರಾತಿನ ಷರತ್ತು. ರೀಲಿನ ಕಾಲದಲ್ಲಿ ನಮ್ಮ ಸ್ವಂತ ಆದಾಯ ಅಂತ ಇದ್ದದ್ದು ಮೂರೇ: ಕ್ಯಾಂಟೀನ್, ಪಾರ್ಕಿಂಗ್, ಸ್ಲೈಡ್. ಸ್ಲೈಡ್ ಅಂದರೆ ಗಾಜಿನ ಮೇಲೆ ಬರೆಸಿದ ಜಾಹೀರಾತು. ಬಟ್ಟೆ ಅಂಗಡಿ, ಟ್ಯುಟೋರಿಯಲ್, ಚಿನ್ನದ ಅಂಗಡಿ, ಮೂಳೆ ಡಾಕ್ಟರು, ಕಲ್ಯಾಣ ಮಂಟಪ. ಎಲ್ಲ ನಮ್ಮ ಸುತ್ತಲಿನ ಎರಡು ಕಿಲೋಮೀಟರ್‌ನವರು. ತಿಂಗಳಿಗೆ ಇಷ್ಟು ಎಂದು ಕೈಯಲ್ಲೇ ಕೊಟ್ಟು ಹೋಗುತ್ತಿದ್ದರು. ಸಿನಿಮಾ ಬಿದ್ದರೂ ಎದ್ದರೂ ಆ ದುಡ್ಡು ಬರುತ್ತಿತ್ತು. ಗೇಟ್‌ಕೀಪರ್‌ಗಳ ಸಂಬಳದಲ್ಲಿ ಒಳ್ಳೆಯ ಭಾಗ ಅದರಿಂದಲೇ. ಹೊಸ ಒಪ್ಪಂದದಲ್ಲಿ ಪರದೆ ಮೇಲಿನ ಪ್ರತಿ ಜಾಹೀರಾತು ನಿಮಿಷವೂ ಕಂಪನಿಯದು. ಸೋಪು, ಸಿಮೆಂಟ್, ಮೊಬೈಲ್ ಜಾಹೀರಾತು ಮುಂಬೈಯಲ್ಲಿ ಮಾರಾಟವಾಗಿ ನಮ್ಮ ಪರದೆಗೆ ಬರುತ್ತದೆ, ಮೂರು ತಿಂಗಳಾದ ಮೇಲೆ ನಮ್ಮ ಪಾಲು ಎಂದು ಒಂದು ಚೆಕ್ ಬರುತ್ತದೆ. ಕಲ್ಯಾಣ ಮಂಟಪದವರು ಮುಂಬೈಗೆ ಹೋಗಿ ಜಾಹೀರಾತು ಕೊಡುತ್ತಾರಾ? ಅವರನ್ನು ಕಳೆದುಕೊಂಡೆವು, ಅಷ್ಟೇ. ನಮ್ಮ ಸ್ವಂತ ಮನೆಯ ಒಂದು ಕೋಣೆಗೆ ನಾವೇ ಬಾಡಿಗೆ ಕಟ್ಟಿದ ಹಾಗೆ ಅನ್ನಿಸಿತು.

ಆದರೂ ಸಹಿ ಹಾಕಿದೆವು. ಕಾರಣ ಒಂದೇ. ಕೆ.ಜಿ. ರಸ್ತೆಯಲ್ಲಿ ಸಿನಿಮಾ ಬಿಡುಗಡೆಯಾಗುವ ಶುಕ್ರವಾರವೇ ನಮ್ಮಲ್ಲೂ ಹಾಕಬಹುದು. ಇನ್ನೊಂದು ಥಿಯೇಟರ್‌ಗೆ ಸಿನಿಮಾ ಕೊಡಲು ಡಿಸ್ಟ್ರಿಬ್ಯೂಟರ್‌ಗೆ 60 ಸಾವಿರ ಬೇಕಿಲ್ಲ, ಶೋಗೆ ಕೆಲವು ನೂರು ರೂಪಾಯಿ ಸಾಕು. ನಾನು ಎರಡು ಹಾಳೆ ಲೆಕ್ಕ ಹಾಕಿ ಮಾವನ ಮುಂದೆ ಇಟ್ಟೆ. ಹಳೆ ರೀತಿ ಹೋದರೆ ಎರಡು ವರ್ಷದಲ್ಲಿ ಮುಚ್ಚಬೇಕು. ಹೊಸ ರೀತಿಯಲ್ಲಿ ತಿಂಗಳಿಗೆ ಒಂದು ದೊಡ್ಡ ಸಿನಿಮಾ ಮೊದಲ ದಿನ ಸಿಕ್ಕರೂ ಯಂತ್ರದ ಬಾಡಿಗೆ ಕಳೆದು ಉಳಿಯುತ್ತದೆ. ಮಾವ ಹಾಳೆ ನೋಡಲಿಲ್ಲ. "ನೀನು ನೋಡಿದ್ದೀಯಲ್ಲ, ಸಾಕು" ಅಂದರು.

ಯಂತ್ರ ಬರುವ ಮುಂಚಿನ ಖರ್ಚು ಯಾರ ಕಾಗದದಲ್ಲೂ ಇರಲಿಲ್ಲ. ಹಳೆ ಪ್ರೊಜೆಕ್ಟರ್ ಕಬ್ಬಿಣದ ಜೀವ. ವೋಲ್ಟೇಜ್ ಇಳಿದರೂ ಏರಿದರೂ ಎರಡು ಬೈಗುಳ ಕೇಳಿ ಓಡುತ್ತಿತ್ತು. ಈ ಹೊಸದಕ್ಕೆ ಧೂಳು ಆಗುವುದಿಲ್ಲ, ಬಿಸಿ ಆಗುವುದಿಲ್ಲ, ಕರೆಂಟ್ ಒಂದು ಕ್ಷಣ ಮಿಣುಕಿದರೆ ಸರ್ವರ್ ಮತ್ತೆ ಎದ್ದು ಕೂರಲು ಹದಿನೈದು ನಿಮಿಷ. ಹಾಗಾಗಿ ಯುಪಿಎಸ್ ಬೇಕು, ಸ್ಟೆಬಿಲೈಸರ್ ಬೇಕು. ಅರ್ಥಿಂಗ್ ಸರಿಯಿಲ್ಲ ಎಂದು ಸೈಕಲ್ ಸ್ಟ್ಯಾಂಡ್ ಪಕ್ಕ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿಸಿದೆವು. ಪರದೆ ಹಳದಿ ತಿರುಗಿತ್ತು, ಅದನ್ನೂ ಬದಲಿಸಿದೆವು. ಕ್ಯಾಬಿನ್‌ಗೆ ಗಾಜಿನ ಬಾಗಿಲು, ಒಳಗೆ ಒಂದಲ್ಲ ಎರಡು ಏಸಿ, ಒಂದು ಕೆಟ್ಟರೆ ಇನ್ನೊಂದು. ದುಡ್ಡು ಕೊಟ್ಟು ಕೂತ 700 ಜನಕ್ಕೆ ಫ್ಯಾನು, ಪ್ರೊಜೆಕ್ಟರ್‌ಗೆ ಏಸಿ. ಬೇಸಿಗೆಯಲ್ಲಿ ನಮ್ಮ ಮ್ಯಾನೇಜರ್‌ಗೆ ಕ್ಯಾಬಿನ್‌ನಲ್ಲೇ ಜಾಸ್ತಿ ಕೆಲಸ ಇರುತ್ತಿತ್ತು.

ಆಪರೇಟರ್‌ಗಳ ವಿಷಯ ಇಲ್ಲಿ ಹೇಳಲೇಬೇಕು. ರೀಲಿನ ಕಾಲದಲ್ಲಿ ಶಿಫ್ಟಿಗೆ ಇಬ್ಬರು. ಎರಡು ಪ್ರೊಜೆಕ್ಟರ್, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತಲ್ಲ, ಅದನ್ನು ನೋಡಿ ಕೈ ಹಾಕಬೇಕು. ಹಿರಿಯ ಆಪರೇಟರ್ ಅಣ್ಣ ಚುಕ್ಕೆ ನೋಡುತ್ತಲೇ ಇರಲಿಲ್ಲ, ಡೈಲಾಗ್ ಕೇಳಿಯೇ ಬದಲಿಸುತ್ತಿದ್ದರು. ಡಿಜಿಟಲ್ ಬಂದ ಮೇಲೆ ಕಂಪನಿಯ ಇಂಜಿನಿಯರ್ ಹುಡುಗ ಬಂದು ಅರ್ಧ ದಿನದಲ್ಲಿ ಎಲ್ಲ ಹೇಳಿಕೊಟ್ಟ. ಪ್ಲೇಲಿಸ್ಟ್ ಹಾಕು, ಟೈಮ್ ಹಾಕು, ಬಿಡು. ನಾಲ್ಕು ಜನರ ಜಾಗದಲ್ಲಿ ಇಬ್ಬರು ಸಾಕಾಯಿತು. ಒಬ್ಬರು ಊರಿಗೆ ಹೋದರು, ಒಬ್ಬರನ್ನು ಟಿಕೆಟ್ ಕೌಂಟರ್‌ಗೆ ಹಾಕಿದೆವು. ಅಣ್ಣ ಉಳಿದರು. "ಈಗ ಸಿನಿಮಾ ಪೂರ್ತಿ ಕೂತು ನೋಡಬೇಕಮ್ಮ, ಅದೇ ಕಷ್ಟ" ಅನ್ನುತ್ತಿದ್ದರು. ಸಂಬಳದಲ್ಲಿ ಉಳಿದದ್ದು ಎಷ್ಟು ಅಂತ ನೋಡಿದೆ. ಕ್ಯಾಬಿನ್ ಏಸಿಯ ಕರೆಂಟ್ ಬಿಲ್ಲಿಗೆ ಹೆಚ್ಚುಕಡಿಮೆ ಸರಿಹೋಗಿತ್ತು.

ಮೊದಲ ದೊಡ್ಡ ಶುಕ್ರವಾರ ಮಾತ್ರ ಹೇಳಿದ ಹಾಗೇ ನಡೆಯಿತು. ನಮ್ಮ ಥಿಯೇಟರ್ ಮುಂದೆ ಕಟೌಟ್ ನಿಂತದ್ದು ಎಷ್ಟೋ ವರ್ಷದ ನಂತರ. ಹೂವಿನ ಹಾರ, ಹಾಲು, ತಮಟೆ. ಬೆಳಗ್ಗೆ ಏಳಕ್ಕೇ ಹುಡುಗರು ಗೇಟ್ ಹತ್ತಿದ್ದರು. ಬಾಲ್ಕನಿ ಟಿಕೆಟ್ ಬ್ಲಾಕ್‌ನಲ್ಲಿ ಹೋಗುತ್ತಿದೆ ಎಂದು ಗೇಟ್‌ಕೀಪರ್ ಬಂದು ದೂರಿದಾಗ ಮಾವ ಬೈಯುವುದನ್ನು ಬಿಟ್ಟು ಖುಷಿಪಟ್ಟರು. ಶುಕ್ರ, ಶನಿ, ಭಾನು, ಮೂರು ದಿನವೂ ನಾಲ್ಕೂ ಶೋ ಹೌಸ್‌ಫುಲ್. ಸೋಮವಾರ ಮ್ಯಾಟಿನಿಗೆ ಅರ್ಧ. ಗುರುವಾರ ಸೆಕೆಂಡ್ ಶೋಗೆ ಕೈಬೆರಳೆಣಿಕೆ.

ಅದೇ ಮಾದರಿ ಆಯಿತು. ನಮಗೆ ಮೊದಲ ದಿನ ಸಿಕ್ಕಿತು ಅಂದರೆ ಪಕ್ಕದ ಏರಿಯಾದವರಿಗೂ ಸಿಕ್ಕಿತು. ಅತ್ತ ವಿಜಯನಗರ, ಇತ್ತ ರಾಜಾಜಿನಗರ, ಆ ಕಡೆ ಕಾಮಾಕ್ಷಿಪಾಳ್ಯ, ಎಲ್ಲ ಕಡೆ ಅದೇ ಸಿನಿಮಾ ಅದೇ ದಿನ. ಜೊತೆಗೆ ಮಾಗಡಿಯಲ್ಲೂ, ಕುಣಿಗಲ್‌ನಲ್ಲೂ. ಮೊದಲು ಎಂಟು ವಾರದಲ್ಲಿ ನೋಡುತ್ತಿದ್ದ ಜನ ಈಗ ಮೂರು ದಿನದಲ್ಲಿ ನೋಡಿ ಮುಗಿಸುತ್ತಾರೆ. ಜನ ಜಾಸ್ತಿಯಾಗಲಿಲ್ಲ, ಒಟ್ಟಿಗೆ ಬಂದರು ಅಷ್ಟೇ. ನಿರ್ಮಾಪಕರಿಗೆ ಇದು ಒಳ್ಳೆಯದೇ. ಸಿನಿಮಾ ಚೆನ್ನಾಗಿಲ್ಲ ಅನ್ನೋ ಸುದ್ದಿ ಹರಡುವ ಮುಂಚೆ ದುಡ್ಡು ಬಂದಿರುತ್ತದೆ. ಸಿ.ಡಿ.ಯವನಿಗೂ ಸಮಯ ಸಿಗುವುದಿಲ್ಲ. ನಮಗೆ? 700 ಸೀಟಿನ ಥಿಯೇಟರ್ ವಾರಕ್ಕೆ ಮೂರು ದಿನ ತುಂಬಿ, ನಾಲ್ಕು ದಿನ ಖಾಲಿ. ಮೂರನೇ ವಾರ ಅನ್ನೋದು ಪುಸ್ತಕದಿಂದಲೇ ಮಾಯವಾಯಿತು. ಹೊಸ ಸಿನಿಮಾ ಅಂದರೆ ಹೊಸ ಪೋಸ್ಟರ್, ಡಿಸ್ಟ್ರಿಬ್ಯೂಟರ್ ಜೊತೆ ಹೊಸ ಬಾಡಿಗೆ ಮಾತುಕತೆ, ಹೊಸ ರೆಪ್. ಮೊದಲು ತಿಂಗಳಿಗೆ ಎರಡು ಸಿನಿಮಾಕ್ಕೆ ಮಾಡುತ್ತಿದ್ದ ಕೆಲಸ ಈಗ ನಾಲ್ಕು, ಐದಕ್ಕೆ.

ಕರ್ನಾಟಕದಲ್ಲಿ ಒಂಟಿ ಪರದೆಯ ಥಿಯೇಟರ್‌ಗಳದ್ದು ಬಹುಮಟ್ಟಿಗೆ ವಾರದ ಬಾಡಿಗೆ ಪದ್ಧತಿ, ಸಿನಿಮಾದವರು ಥಿಯೇಟರ್‌ಗೆ ವಾರಕ್ಕೆ ಇಷ್ಟು ಎಂದು ಕಟ್ಟುತ್ತಾರೆ. ಮಲ್ಟಿಪ್ಲೆಕ್ಸ್‌ಗಳದ್ದು ಪರ್ಸೆಂಟೇಜ್, ಬಂದ ಕಲೆಕ್ಷನ್‌ನಲ್ಲಿ ಪಾಲು. ವಾರಪೂರ್ತಿ ಜನ ಬರುತ್ತಿದ್ದಾಗ ವಾರದ ಬಾಡಿಗೆಗೆ ಅರ್ಥ ಇತ್ತು. ಮೂರು ದಿನಕ್ಕೆ ಮಾತ್ರ ಜನ ಬರುವಾಗ ಸಣ್ಣ ನಿರ್ಮಾಪಕರು ವಾರದ ಬಾಡಿಗೆ ಎಲ್ಲಿಂದ ಕಟ್ಟುತ್ತಾರೆ? ನಾವು ಬಾಡಿಗೆ ಬಿಟ್ಟರೆ ಕರೆಂಟ್ ಬಿಲ್ ಎಲ್ಲಿಂದ ಕಟ್ಟುವುದು? ಈ ಜಗಳ ಗಾಂಧಿನಗರದಲ್ಲಿ ಇವತ್ತಿಗೂ ಮುಗಿದಿಲ್ಲ. ಇಬ್ಬರದೂ ಸರಿ. ಪ್ರಿಂಟ್‌ನಲ್ಲಿ ಉಳಿಸಿದ ದುಡ್ಡು ಪೋಸ್ಟರ್, ಟಿ.ವಿ. ಜಾಹೀರಾತು, ಮೊದಲ ದಿನದ ಅಬ್ಬರಕ್ಕೆ ಹೋಯಿತು ಎಂದು ನನ್ನ ಅಭಿಪ್ರಾಯ.

ಇನ್ನೊಂದು ಬದಲಾವಣೆಯನ್ನು ನಮ್ಮ ಕಡೆಯವರು ಗಟ್ಟಿಯಾಗಿ ಹೇಳುವುದಿಲ್ಲ. ಡಿಸ್ಟ್ರಿಬ್ಯೂಟರ್ ಎಷ್ಟು ಶೋಗೆ ದುಡ್ಡು ಕಟ್ಟಿದ್ದಾರೋ ಅಷ್ಟೇ ಶೋ ಯಂತ್ರದಲ್ಲಿ ಓಡುತ್ತದೆ. ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿ ನಿಲ್ಲಿಸಿದರು, ಎಲ್ಲ ಅದರ ಹೊಟ್ಟೆಯಲ್ಲಿ ದಾಖಲಾಗುತ್ತದೆ. ರೀಲಿನ ಕಾಲದಲ್ಲಿ ಹಬ್ಬದ ದಿನ ಕೆಲವು ಥಿಯೇಟರ್‌ಗಳಲ್ಲಿ ಐದನೇ ಶೋ ಓಡುತ್ತಿತ್ತು, ಡಿಸಿಆರ್‌ನಲ್ಲಿ, ಅಂದರೆ ದಿನದ ಕಲೆಕ್ಷನ್ ವರದಿಯಲ್ಲಿ, ನಾಲ್ಕೇ ಇರುತ್ತಿದ್ದವು. ನಮ್ಮಲ್ಲಿ ಹಾಗೆ ಇರಲೇ ಇಲ್ಲ ಅಂದರೆ ನೀವು ನಗುತ್ತೀರಿ, ಬಿಡಿ.

2013ರಲ್ಲಿ ಎರಡನೇ ಸುತ್ತು. ನಮ್ಮ ಮೊದಲ ಯಂತ್ರ ಅಗ್ಗದ ದರ್ಜೆಯದು, ಈ-ಸಿನಿಮಾ ಅನ್ನುತ್ತಿದ್ದರು. ಹಾಲಿವುಡ್ ಸ್ಟುಡಿಯೊಗಳು 2002ರಲ್ಲೇ ಡಿಸಿಐ ಎಂಬ ಕೂಟ ಮಾಡಿ, 2005ರಲ್ಲಿ ನಿಯಮ ಹೊರಡಿಸಿದ್ದವು. ಚಿತ್ರ ಕನಿಷ್ಠ 2ಕೆ ಇರಬೇಕು, ಅಂದರೆ ಅಡ್ಡಕ್ಕೆ 2,048 ಚುಕ್ಕೆ, ಉದ್ದಕ್ಕೆ 1,080. ಪರದೆ ಬೆಳಕು ಇಷ್ಟಿರಬೇಕು, ಸಿನಿಮಾ ಫೈಲಿನ ಬೀಗ ಹೀಗಿರಬೇಕು. ಆ ದರ್ಜೆ ಇಲ್ಲದವರಿಗೆ ಇಂಗ್ಲಿಷ್ ಸಿನಿಮಾ ಇಲ್ಲ. ನಮಗೆ ಇಂಗ್ಲಿಷ್ ಸಿನಿಮಾ ಮುಖ್ಯವಲ್ಲ, ಆದರೆ ದೊಡ್ಡ ತೆಲುಗು, ತಮಿಳು, ಕನ್ನಡ ಸಿನಿಮಾದವರೂ 2ಕೆ ಇದ್ದವರನ್ನೇ ಮೊದಲು ಕೇಳತೊಡಗಿದರು. ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಕೊಡಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಫ್ಯೂಜಿ 2013ರಲ್ಲಿ ಸಿನಿಮಾ ಫಿಲ್ಮ್ ತಯಾರಿಸುವುದನ್ನು ನಿಲ್ಲಿಸಿತು. ಮೂಲೆಯಲ್ಲಿ ಮುಚ್ಚಿಟ್ಟಿದ್ದ ಹಳೆ ಜೋಡಿ ಪ್ರೊಜೆಕ್ಟರ್ ಆ ವರ್ಷ ಗುಜರಿಗೆ ಹೋಯಿತು, ಕೆ.ಜಿ. ಲೆಕ್ಕದಲ್ಲಿ.

2ಕೆ ಯಂತ್ರದಲ್ಲಿ ಕ್ಸೆನಾನ್ ದೀಪ. ನಮ್ಮ ಬಿಲ್ಲಿನಲ್ಲಿ ಒಂದು ದೀಪಕ್ಕೆ 40 ಸಾವಿರ. ಸುಮಾರು 1,000 ಗಂಟೆ ಬಾಳಿಕೆ. ಗಂಟೆಗೆ 40 ರೂಪಾಯಿ, ಶೋಗೆ 100. ಇದಕ್ಕೆ ಕರೆಂಟು, ಏಸಿ, ಯಂತ್ರದ ಬಾಡಿಗೆ ಸೇರಿಸಿ. ಮಂಗಳವಾರದ ಮಾರ್ನಿಂಗ್ ಶೋಗೆ ಹತ್ತು ಜನ ಬಂದರೆ ಶೋ ಹಾಕುವುದಕ್ಕಿಂತ ದುಡ್ಡು ವಾಪಸ್ ಕೊಟ್ಟು ಕಳಿಸುವುದೇ ಲಾಭ ಎಂದು ಆಗ ಗೊತ್ತಾಯಿತು. ದೀಪ ಜಾಸ್ತಿ ದಿನ ಬರಲಿ ಅಂತ ಕೆಲವರು ಕರೆಂಟ್ ಇಳಿಸಿ ಓಡಿಸುತ್ತಾರೆ. ಪರದೆ ಮಂಕಾಗಿದ್ದರೆ ಸಿನಿಮಾಟೋಗ್ರಾಫರ್‌ಗೆ ಬೈಯಬೇಡಿ.

ಹೊಸ ದರ್ಜೆಯ ಜೊತೆ ಬಂದದ್ದು ಕೀ. ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲಿ ಬುಧವಾರವೇ ಬಂದು ಸರ್ವರ್‌ಗೆ ಹತ್ತಿರುತ್ತದೆ. ಆದರೆ ಬೀಗ ಹಾಕಿದ ಸ್ಥಿತಿಯಲ್ಲಿ. ತೆರೆಯುವ ಕೀ ಒಂದು ಸಣ್ಣ ಫೈಲು, ಇ-ಮೇಲ್‌ನಲ್ಲಿ ಬರುತ್ತದೆ. ಅದು ನಮ್ಮ ಸರ್ವರ್‌ಗೆ ಮಾತ್ರ, ಇಂಥ ದಿನ ಇಷ್ಟು ಗಂಟೆಯಿಂದ ಇಂಥ ದಿನ ಇಷ್ಟು ಗಂಟೆವರೆಗೆ ಮಾತ್ರ. ಒಂದು ಗುರುವಾರ ರಾತ್ರಿ ಸಿಡಿಲು ಮಳೆ. ಯುಪಿಎಸ್ ಸುಟ್ಟು, ಸರ್ವರ್‌ನೊಳಗಿನ ಮೀಡಿಯಾ ಬ್ಲಾಕ್ ಎಂಬ ಬೋರ್ಡನ್ನೂ ತೆಗೆದುಕೊಂಡು ಹೋಯಿತು. ಇಂಜಿನಿಯರ್ ಹುಡುಗ ರಾತ್ರಿ ಎರಡಕ್ಕೆ ನೆನೆದುಕೊಂಡು ಬಂದು ಬೇರೆ ಬೋರ್ಡ್ ಕೂರಿಸಿದ. ಯಂತ್ರ ಎದ್ದಿತು. ಸಿನಿಮಾ ಮಾತ್ರ ತೆರೆಯಲಿಲ್ಲ. ಕೀ ಇದ್ದದ್ದು ಸುಟ್ಟುಹೋದ ಬೋರ್ಡಿಗೆ. ಹೊಸ ಬೋರ್ಡಿಗೆ ಹೊಸ ಕೀ ಬೇಕು. ಅದನ್ನು ಕೊಡಲು ಡಿಸ್ಟ್ರಿಬ್ಯೂಟರ್ ಒಪ್ಪಿಗೆ ಬೇಕು, ಆಮೇಲೆ ಬೇರೆ ಊರಿನಲ್ಲಿ ಕೂತವರು ಅದನ್ನು ತಯಾರಿಸಬೇಕು. ಬೆಳಗ್ಗೆ ಆರಕ್ಕೆ ಡಿಸ್ಟ್ರಿಬ್ಯೂಟರ್ ಫೋನ್ ಎತ್ತಿದರು, ಕೀ ಕೊಡುವವರು ಎತ್ತಲಿಲ್ಲ. ಹೊರಗೆ ತಮಟೆ ಶುರುವಾಗಿತ್ತು. ಹತ್ತೂವರೆ ಶೋ ಶುರುವಾದಾಗ ಹನ್ನೆರಡು ದಾಟಿತ್ತು, ಎರಡು ಕಿಟಕಿ ಗಾಜು ಹೋಗಿದ್ದವು. ಆಪರೇಟರ್ ಅಣ್ಣ ಅವತ್ತು ಹೇಳಿದ್ದು: "ರೀಲ್ ಡಬ್ಬ ಕ್ಯಾಬಿನ್‌ಗೆ ಬಂತು ಅಂದ್ರೆ ಸಿನಿಮಾ ನಮ್ದೇ ಆಗ್ತಿತ್ತಮ್ಮ. ಈಗ ಸಿನಿಮಾ ಇಲ್ಲೇ ಇದೆ, ಆದ್ರೂ ಇಲ್ಲ."

ಆ ಗಾಜಿನ ದುಡ್ಡು ಯಾರು ಕೊಡಬೇಕು ಎಂದು ಒಪ್ಪಂದದಲ್ಲಿ ಹುಡುಕಿದೆ. ಶೋ ನಿಂತರೆ ಕಂಪನಿ ಹೊಣೆಯಲ್ಲ ಎಂದು ಹದಿನಾಲ್ಕನೇ ಪುಟದಲ್ಲಿತ್ತು.

2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಈ ಡಿಜಿಟಲ್ ಶುಲ್ಕದ ವಿರುದ್ಧ ಬಿಡುಗಡೆ ನಿಲ್ಲಿಸಿದರು. ಯಂತ್ರದ ಅಸಲು ಎಂದೋ ಬಂದಿದೆ, ಇನ್ನೂ ಯಾಕೆ ಫೀ ಎಂಬುದು ಅವರ ವಾದ. ತಮಿಳುನಾಡಿನಲ್ಲಿ ಅದು ಏಪ್ರಿಲ್‌ವರೆಗೂ ಎಳೆಯಿತು. ವಾದ ನ್ಯಾಯವಾದದ್ದೇ. ಆದರೆ ಹೊಸ ಸಿನಿಮಾ ಇಲ್ಲದ ದಿನಗಳಲ್ಲೂ ನಮ್ಮ ಯಂತ್ರದ ಬಾಡಿಗೆ ಓಡುತ್ತಿತ್ತು. ಕೊನೆಗೆ ದರ ಸ್ವಲ್ಪ ಇಳಿಯಿತು, ಪದ್ಧತಿ ಹಾಗೇ ಉಳಿಯಿತು. ಅದರ ಹಿಂದಿನ ವರ್ಷವಷ್ಟೇ ಜಿಎಸ್‌ಟಿ ಬಂದು, ಕನ್ನಡ ಸಿನಿಮಾಕ್ಕಿದ್ದ ಮನರಂಜನಾ ತೆರಿಗೆ ವಿನಾಯಿತಿ ಹೋಗಿತ್ತು. ಆಗ 100 ರೂಪಾಯಿವರೆಗಿನ ಟಿಕೆಟ್‌ಗೆ 18 ಪರ್ಸೆಂಟ್ ಇತ್ತು, ಮೇಲಿನದಕ್ಕೆ 28. ನಮ್ಮ ಬಾಲ್ಕನಿ ದರ ಸರಿಯಾಗಿ 100ಕ್ಕೆ ನಿಂತದ್ದು ಆಗಲೇ.

ಲಾಕ್‌ಡೌನ್‌ನಲ್ಲಿ ಗೊತ್ತಾದ ಒಂದು ವಿಷಯ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದೆವು. ಯಂತ್ರವನ್ನು ಸುಮ್ನೆ ಬಿಡುವ ಹಾಗಿಲ್ಲ ಎಂದು ಇಂಜಿನಿಯರ್ ಫೋನ್ ಮಾಡಿದ. ಬೀಗದ ಗುಟ್ಟು ಕಾಪಾಡಲು ಒಳಗೊಂದು ಬ್ಯಾಟರಿ ಇದೆ, ಅದು ಸತ್ತರೆ ಬೋರ್ಡಿನ ಗುರುತೇ ಅಳಿಸಿಹೋಗುತ್ತದೆ, ಮತ್ತೆ ಲಕ್ಷಗಳ ಮಾತು. ಹಾಗಾಗಿ ವಾರಕ್ಕೊಮ್ಮೆ ಪಾಸ್ ಹಿಡಿದುಕೊಂಡು ಹೋಗಿ ಏಸಿ ಹಾಕಿ, ಯಂತ್ರ ಹಾಕಿ, ಹಳೇ ಸೋಪಿನ ಜಾಹೀರಾತು ಓಡಿಸಿ ಬರುತ್ತಿದ್ದೆವು. ನೋಡಲು ಇಲಿಗಳಿದ್ದವು. ಪಕ್ಕದ ಎರಡು ಥಿಯೇಟರ್‌ಗಳು ಆಮೇಲೆ ತೆರೆಯಲೇ ಇಲ್ಲ. ಒಂದರ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಏಳುತ್ತಿದೆ. ಬೆಂಗಳೂರಿನಲ್ಲಿ ಥಿಯೇಟರ್‌ನ ನಿಜವಾದ ಎದುರಾಳಿ ಮಲ್ಟಿಪ್ಲೆಕ್ಸೂ ಅಲ್ಲ, ಮೊಬೈಲೂ ಅಲ್ಲ, ಚದರಡಿ ಬೆಲೆ. ಕಪಾಲಿ, ಪ್ಲಾಜಾ, ರೆಕ್ಸ್, ಕಾವೇರಿ ಎಂದು ಮುಚ್ಚಿದ ಥಿಯೇಟರ್‌ಗಳ ಪಟ್ಟಿ ಹೇಳುತ್ತಾ ಹೋದರೆ ಸಂಜೆಯಾಗುತ್ತದೆ.

ಈಗ ಮೂರನೇ ಸುತ್ತು. 2ಕೆ ಯಂತ್ರದ ಬಿಡಿಭಾಗ ಸಿಗುವುದು ಕಷ್ಟವಾಗಿದೆ. ಲೇಸರ್ ಹಾಕಿ ಎನ್ನುತ್ತಿದ್ದಾರೆ. ದೀಪ ಬದಲಿಸುವ ಕಾಟ ಇಲ್ಲ, 20 ಸಾವಿರ ಗಂಟೆ ಬರುತ್ತದೆ. ದಿನಕ್ಕೆ 11 ಗಂಟೆಯಂತೆ ಲೆಕ್ಕ ಹಾಕಿದರೆ ಐದು ವರ್ಷ. ಅಷ್ಟು ವರ್ಷದ ಕ್ಸೆನಾನ್ ದೀಪಗಳಿಗೆ 8 ಲಕ್ಷ. ಈ ಉಳಿತಾಯ ಮೊದಲ ಸಲ ನಮ್ಮ ಪುಸ್ತಕದಲ್ಲಿ ಕಾಣುತ್ತದೆ, ನಿರ್ಮಾಪಕರ ಪುಸ್ತಕದಲ್ಲಲ್ಲ. ಟಿಕೆಟ್ ಕಡೆಯಿಂದಲೂ ಸ್ವಲ್ಪ ಉಸಿರಾಡುವ ಹಾಗಾಗಿದೆ. 2025ರ ಸೆಪ್ಟೆಂಬರ್‌ನಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ 5 ಪರ್ಸೆಂಟ್‌ಗೆ ಇಳಿದಿದೆ.

ಅದೇ ವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಬೆಳವಣಿಗೆ. ಬಾಡಿಗೆ ಯಂತ್ರ ಪಡೆದ ಥಿಯೇಟರ್‌ಗಳು ಬೇರೆಯವರು ಸಿದ್ಧಪಡಿಸಿದ ಸಿನಿಮಾ ಫೈಲು ಓಡಿಸದಂತೆ ಕಟ್ಟಿಹಾಕುವ ಷರತ್ತು ಸರಿಯಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ ಆದೇಶ ಮಾಡಿ ದಂಡವನ್ನೂ ಹಾಕಿತು. ಆ ಆದೇಶವನ್ನು ಪ್ರಿಂಟ್ ತೆಗೆಸಿ ಟೇಬಲ್ ಮೇಲೆ ಇಟ್ಟುಕೊಂಡೇ ಈ ಸಲ ಮಾತಿಗೆ ಕೂತೆ. ಮಾವನಿಗೆ 80 ದಾಟಿದೆ, ಆದರೂ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಮೂರು ಷರತ್ತು ಕೇಳಿದೆ. ವರ್ಷದ ನಂತರ ಬೇಡವೆಂದರೆ ನೋಟಿಸ್ ಕೊಟ್ಟು ಬಿಡಬಹುದು. ಶುಕ್ರವಾರ ಬೆಳಗ್ಗೆ ಐದರಿಂದ ಫೋನ್ ಎತ್ತುವ ಒಬ್ಬ ಮನುಷ್ಯನ ನಂಬರ್ ಕಾಗದದಲ್ಲೇ ಇರಬೇಕು. ಇಂಟರ್‌ವಲ್‌ನಲ್ಲಿ ಐದು ನಿಮಿಷ ನಮ್ಮ ಏರಿಯಾ ಅಂಗಡಿಗಳ ಜಾಹೀರಾತಿಗೆ, ಅದರ ದುಡ್ಡು ಪೂರ್ತಿ ನಮಗೆ.

ಮೊದಲ ಎರಡಕ್ಕೆ ಒಪ್ಪಿದ್ದಾರೆ. ಐದು ನಿಮಿಷ ಆಗಲ್ಲ, ಎರಡು ತಗೊಳ್ಳಿ ಅಂದಿದ್ದಾರೆ. ಮೂರಕ್ಕೆ ಇಳಿದಿದ್ದೇನೆ. ಕಲ್ಯಾಣ ಮಂಟಪದವರು ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ.